ಗ್ರಾಫ್ ಹಾಳೆಯ ಆಟ

ಪ್ರಿಯ ಶಿಷ್ಯರೇ, ನಿವೃತ್ತಿಯ ನಂತರ ಕಂಪ್ಯೂಟರ್ ಆಟವೇ ಎಂದು ನಗಬೇಡಿ. ನೆಲಮಾಳಿಗೆಯ ಕತ್ತಲ ಓಣಿಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಸಾಗುವ ಹಳೆಯ ಬಗೆಯ ಆಟಗಳಲ್ಲಿ ನನಗೊಪ್ಪುವುದನ್ನು ಆರಿಸಲು ಮೊಮ್ಮಗ ಹೇಳಿದ್ದಾನೆ.

1987ರ ‘ಡಂಜನ್ ಮಾಸ್ಟರ್’ನಲ್ಲಿ ನಾವು ಯೋಚಿಸುತ್ತಿರುವಾಗಲೇ ರಾಕ್ಷಸರು ಮೇಲೆರಗುತ್ತಾರೆ, ಅದು ಅವನ ಚುರುಕು ಬೆರಳುಗಳಿಗೆ ತಕ್ಕುದು. 2012ರ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ ತಾನೇ ನಕ್ಷೆ ಬಿಡಿಸುತ್ತದೆ. ಬೇಡವೆಂದರೆ ಆರಂಭದಲ್ಲಿಯೇ ತಡೆಯಬಹುದು. 1981ರ ‘ವಿಝರ್ಡ್ರಿ’ಯಲ್ಲಿ ಸರದಿಯ ಕಾಳಗ, ಅವಸರವಿಲ್ಲ. 10 ಅಂತಸ್ತುಗಳು, ಪ್ರತಿಯೊಂದರಲ್ಲಿಯೂ ಉದ್ದಕ್ಕೆ 20, ಅಗಲಕ್ಕೆ 20 ಚೌಕಗಳು. ಮೂಲ ಆಟವು ನಕ್ಷೆಯನ್ನು ಕೊಡದು. ಗ್ರಾಫ್ ಹಾಳೆಯಲ್ಲಿ ನಾವೇ ಬಿಡಿಸಿಕೊಳ್ಳಬೇಕು.

ನಿಮ್ಮ ಹೆಸರುಗಳೇ ಒಮ್ಮೊಮ್ಮೆ ನಾಲಗೆಯ ತುದಿಯಲ್ಲಿ ನಿಂತುಬಿಡುವ ಈ ವಯಸ್ಸಿನಲ್ಲಿ, ಬಂದ ದಾರಿಯನ್ನು ನೆನಪಿಡಿಸುವ ಆಟವೇ ನನಗೆ ಬೇಕು. ಆದ್ದರಿಂದ ‘ವಿಝರ್ಡ್ರಿ’ಯನ್ನೇ ಆರಿಸಿದ್ದೇನೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.