ಬುತ್ತಿ ಕಟ್ಟಿದವರು ಮಕ್ಕಳೇ

ನಮ್ಮ ಮನೆಯ ಕನ್ನಡ ಬಹುಕಾಲ ಅಪ್ಪಣೆಗಳ ಕನ್ನಡವಾಗಿತ್ತು: ಬಾ, ತಿನ್ನು, ಹಲ್ಲುಜ್ಜು, ಮಲಗು. ಮಕ್ಕಳಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಳೆದ ಬೇಸಿಗೆಯಲ್ಲಿ ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ ಸೈಕಲ್ಲಿನಲ್ಲಿ ಹೋಗಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕೆಂದು ಹಟ ಹಿಡಿದರು. ಸರಿ, ಯೋಚನೆಯೂ ನಿಮ್ಮದೇ, ಗಂಟುಮೂಟೆಯೂ ನಿಮ್ಮದೇ, ನಾನು ಹಿಂದೆ ಬರುವವಳು ಅಷ್ಟೇ ಎಂದೆ. ಕನ್ನಡದಲ್ಲೇ ಮಾತಾಡಿ ಎಂದು ಹೇಳಲಿಲ್ಲ.

ಅಕ್ಸ್‌ಬ್ರಿಡ್ಜಿನವರಿಗೆ ಇದಕ್ಕೆ ದಾರಿ ಹುಡುಕುವುದು ಕಷ್ಟವಲ್ಲ. 1794ರಲ್ಲಿ ಬ್ರೆಂಟ್‌ಫರ್ಡಿನಿಂದ ಇಲ್ಲಿಯವರೆಗೆ ತೆರೆದ ಕಾಲುವೆ, ಈಗಿನ ಗ್ರ್ಯಾಂಡ್ ಯೂನಿಯನ್, ಊರಿನ ಮಗ್ಗುಲಲ್ಲೇ ಇದೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ಮೇಲೆ ಈಗ ಸೈಕಲ್ ತುಳಿಯಬಹುದು. ಕಾರುಗಳಿಲ್ಲ, ಏರು ಕಡಿಮೆ. ನಡೆಯುವವರಿಗೆ ಮೊದಲ ಆದ್ಯತೆ, ಬೆಲ್ ಮಾಡಿ ನಿಧಾನವಾಗಿ ಹೋಗಬೇಕು.

ಮಕ್ಕಳು ಕಾಲುವೆ ಪಕ್ಕದಲ್ಲೇ ಟೆಂಟ್ ಹಾಕುವುದೆಂದು ತೀರ್ಮಾನಿಸಿದ್ದರು. ಅಲ್ಲಿ ಮಾತ್ರ ಬಾಯಿ ಹಾಕಿದೆ: ಇಲ್ಲಿ ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ. ರಿಕ್‌ಮನ್ಸ್‌ವರ್ತ್ ಕಡೆ ಒಂದು ಕ್ಯಾಂಪ್‌ಸೈಟನ್ನು ಅವರೇ ಹುಡುಕಿದರು, ನಾನು ದುಡ್ಡು ಕಟ್ಟಿದೆ.

ಪಟ್ಟಿಯಲ್ಲಿ ಮೊದಲು ಟಾರ್ಚ್, ಬಿಸ್ಕತ್ತು, ಕೇರಂ ಬೋರ್ಡ್ ಇದ್ದವು. ಭಾನುವಾರ ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಜ್ಜಿ ಕೇಳಿದರು, "ಬುತ್ತಿಗೆ ಏನು ಕಟ್ಕೊಂಡು ಹೋಗ್ತೀಯ ಪುಟ್ಟಿ?"

"ಬುತ್ತಿ ಅಂದ್ರೇನಜ್ಜಿ?"

"ದಾರಿಗೆ ಕಟ್ಕೊಂಡು ಹೋಗೋ ಊಟ ಕಣೇ."

ಮುಂದಿನ ಅರ್ಧ ಗಂಟೆ ಮಗಳು ಕನ್ನಡದಲ್ಲೇ ವಿಚಾರಿಸಿದಳು. ಯಾವುದು ಹಳಸುವುದಿಲ್ಲ? ಒಲೆ ಬೇಡದ್ದು ಯಾವುದು? ಯಾವುದು ಹಗುರ? ಅವಲಕ್ಕಿ, ಚಟ್ನಿಪುಡಿ, ಚಪಾತಿ ಎಂದು ತೀರ್ಮಾನವಾಯಿತು. ಅವಳಿಗೆ ಬೇಕಾದ ಉತ್ತರ ಅಜ್ಜಿಯ ಹತ್ತಿರವಿತ್ತು, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನ ವರ್ಷಗಳ ಒತ್ತಾಯ ಮಾಡದ್ದನ್ನು ಆ ಒಂದು ಗರಜು ಮಾಡಿತು.

ಚೀಲಗಳನ್ನು ತೂಕದ ಯಂತ್ರದ ಮೇಲಿಟ್ಟು ನೋಡಿದರು. ಕೇರಂ ಬೋರ್ಡ್ ತಾನಾಗಿಯೇ ಹೊರಬಿತ್ತು. ತುಂಬಿದ ಸೈಕಲ್ಲನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಿ, ಭಾರವನ್ನು ಎರಡೂ ಬದಿಗೆ ಸಮನಾಗಿ, ಕೆಳಗೆ ಬರುವಂತೆ ಮತ್ತೆ ತುಂಬಿದರು. ಹೊರಡುವ ಬೆಳಗ್ಗೆ ಟೆಂಟಿನ ನೆಲಕ್ಕೆ ಹಾಸುವ ಮ್ಯಾಟ್‌ಗಳು ಮೆಟ್ಟಿಲ ಮೇಲೇ ಉಳಿದಿದ್ದವು. ನೋಡಿದೆ, ಹೇಳಲಿಲ್ಲ. ಸುಮ್ಮನಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಸದ್ದಿಲ್ಲದೆ ಅವನ್ನು ನನ್ನ ಚೀಲಕ್ಕೆ ತುರುಕಿದೆ.

ಡೆನಮ್ ಡೀಪ್ ಲಾಕ್‌ನಲ್ಲಿ ಬುತ್ತಿ ಬಿಚ್ಚಿದೆವು. ದೋಣಿಯನ್ನು ಸುಮಾರು 11 ಅಡಿ ಎತ್ತುವ ಈ ಲಾಕ್ ಗ್ರ್ಯಾಂಡ್ ಯೂನಿಯನ್‌ನಲ್ಲೇ ಅತಿ ಆಳವಾದದ್ದು. ಕೆಳಗಿದ್ದ ದೋಣಿ ನೀರು ತುಂಬುತ್ತಿದ್ದಂತೆ ಮೇಲೇರಿ ಬರುವುದನ್ನು ಮಗ ಚಪಾತಿ ಮರೆತು ನೋಡಿದ. ಮುಂದೆ ಹೇರ್‌ಫೀಲ್ಡ್ ದಾಟಿ ಸಂಜೆಗೆ ಕ್ಯಾಂಪ್‌ಸೈಟ್ ಸೇರಿದೆವು.

ರಾತ್ರಿ ಎರಡಕ್ಕೆ ಮಗ ಎಬ್ಬಿಸಿದ. "ಅಮ್ಮಾ, ನೆಲ ತುಂಬಾ ಕೋಲ್ಡು. ಕೆಳಗಿಂದ ತೂತು ಮಾಡ್ತಾ ಇದೆ."

ಅದಕ್ಕೇ ಕೊರೆಯುವ ಚಳಿ ಅನ್ನುತ್ತಾರೆ ಎಂದೆ. ಹೊದಿಕೆ ಎಷ್ಟೇ ದಪ್ಪವಿದ್ದರೂ ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ ಎಂದು ವಿವರಿಸುತ್ತಾ ಮ್ಯಾಟ್ ಹಾಸಿದೆ. ಅವರ ಮುಖದಲ್ಲಿ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. "ನಿಂಗೆ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?" ಎಂದಳು ಮಗಳು, ಪೂರ್ತಿ ಕನ್ನಡದಲ್ಲಿ.

ಮುಂದಿನ ಸಲದ ಪಟ್ಟಿ ಈಗಾಗಲೇ ಫ್ರಿಜ್ಜಿನ ಮೇಲಿದೆ. ಮೊದಲ ಸಾಲು ಮ್ಯಾಟ್. ಎರಡನೆಯದು, ಸೊಟ್ಟ ಕನ್ನಡ ಅಕ್ಷರಗಳಲ್ಲಿ, ಬುತ್ತಿ.