ಮದ್ದೂರು ದಾಟಿದ ಮೇಲೆ

ಬೆಳಗಿನ ಜಾವ ಐದೂಕಾಲು. 2025ರ ಜನವರಿಯ ಒಂದು ಭಾನುವಾರ. ಬೆಂಗಳೂರಿನ ವಿಜಯನಗರದ ಒಂದು ಮನೆಯ ಮುಂದೆ ಎರಡು ಸೈಕಲ್ಲುಗಳು ದೀಪ ಹೊತ್ತಿಸಿಕೊಂಡು ನಿಂತಿದ್ದವು. ಒಂದರ ಮೇಲೆ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದ ಮಗಳು. ಇನ್ನೊಂದರ ಮೇಲೆ ಐವತ್ತೊಂದು ವರ್ಷದ ತಂದೆ. ಹೋಗಬೇಕಾದ ಊರು ಮೈಸೂರು. ದೂರ ಸುಮಾರು 140 ಕಿಲೋಮೀಟರ್. ಶಾಲು ಹೊದ್ದು ಗೇಟಿನ ಬಳಿ ನಿಂತಿದ್ದ ತಾಯಿಯ ಮುಖದಲ್ಲಿ ಆತಂಕವಿತ್ತು.

‘ಆಗದಿದ್ದರೆ ಬಸ್ಸು ಹತ್ತಿ ಬಂದುಬಿಡಿ. ಯಾರೂ ನಗೋದಿಲ್ಲ’ ಎಂದರು. ಮರುಕ್ಷಣವೇ ತಮಗೆ ತಾವೇ ಧೈರ್ಯ ಹೇಳಿಕೊಳ್ಳುವಂತೆ, ‘ನಿಮ್ಮಪ್ಪ ನಿನ್ನ ವಯಸ್ಸಿನಲ್ಲೇ ಒಂದು ಸಲ ಹೋಗಿ ಬಂದವರು. ದಾರಿ ಅವರಿಗೆ ಗೊತ್ತು’ ಎಂದು ಸೇರಿಸಿದರು. ಆ ಹೊತ್ತಿಗೆ ತಂದೆ ಬಗ್ಗಿ ಟೈರಿನ ಗಾಳಿಯನ್ನು ಮೂರನೆಯ ಬಾರಿ ಒತ್ತಿ ನೋಡುತ್ತಿದ್ದರು.

ಹಟ ಮಗಳದು, ಶರತ್ತು ತಾಯಿಯದು. ಮೊದಲ ಸಲ ಅಷ್ಟು ದೂರ ಒಬ್ಬಳೇ ಹೋಗಕೂಡದು ಎಂಬ ಶರತ್ತಿನಿಂದಾಗಿ ತಂದೆ ನೆರೆಮನೆಯವರ ಗೇರ್ ಸೈಕಲ್ಲನ್ನು ಎರವಲು ಪಡೆಯಬೇಕಾಯಿತು. ಮಗಳದು ಬಾಗಿದ ಹ್ಯಾಂಡಲ್ಲು, ಕಿರಿದಾದ ಟೈರುಗಳ ರೋಡ್ ಸೈಕಲ್. ಯಾರೋ ಬಳಸಿ ಮಾರಿದ್ದು. ಆರು ವಾರಗಳ ಕಾಲ ಇಬ್ಬರೂ ಅಭ್ಯಾಸ ಮಾಡಿದ್ದರು. ಮೊದಲ ಭಾನುವಾರ 30 ಕಿ.ಮೀ. ಹೋಗಿ ಬಂದಾಗಲೇ ಕೂರಲು ಏಳಲು ಕಷ್ಟವಾಗಿತ್ತು. ನಂತರ 45, 60, 80 ಎಂದು ಏರಿಸುತ್ತಾ ಹೋದಂತೆ ಮೈ ಒಗ್ಗಿತು. ಸೀಟಿನ ಎತ್ತರ ಸರಿಮಾಡಿಕೊಂಡ ಮೇಲೆ ಮಂಡಿನೋವು ಮಾಯವಾಯಿತು. ಪೆಡಲ್ ತೀರಾ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು; ಪೂರ್ತಿ ನೆಟ್ಟಗಾದರೂ ತೊಂದರೆ, ಹೆಚ್ಚು ಮಡಿಸಿದರೂ ತೊಂದರೆ.

ಇಂಥ ಸವಾರಿಗೆ ವೇಗವೇ ಮುಖ್ಯ ಎಂಬುದು ತಪ್ಪು ತಿಳಿವಳಿಕೆ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪಾರಿಸಿಯನ್ ಸಂಸ್ಥೆಯ ನಿಯಮದಂತೆ ಹಲವು ದೇಶಗಳಲ್ಲಿ ‘ಬ್ರೆವೆ’ ಎಂಬ ದೂರದ ಸವಾರಿಗಳು ನಡೆಯುತ್ತವೆ; ಬೆಂಗಳೂರಿನಲ್ಲೂ ನಡೆಯುತ್ತವೆ. ಅದರಲ್ಲಿ 200 ಕಿ.ಮೀ. ಪೂರೈಸಲು ಕೊಡುವ ಅವಧಿ ಹದಿಮೂರೂವರೆ ಗಂಟೆ. ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲವೂ ಅದರೊಳಗೇ. ಲೆಕ್ಕ ಹಾಕಿದರೆ ಗಂಟೆಗೆ ಹದಿನೈದು ಕಿಲೋಮೀಟರಿನಷ್ಟಾಯಿತು. ಮೊದಲು ಬಂದವರಿಗೆ ಬಹುಮಾನವಿಲ್ಲ. ಹೊತ್ತಿಗೆ ಸರಿಯಾಗಿ ಮುಗಿಸಿದವರೆಲ್ಲ ಗೆದ್ದವರೇ.

ಹಳೆಯ ರಸ್ತೆಯೇ ಗತಿ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯಪಥದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೂ ನಿಷೇಧ ಬಂತು. ಇವರೆಲ್ಲ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಊರೊಳಗಿನ ಹಳೆಯ ರಸ್ತೆಯಲ್ಲಿ ಸಾಗಬೇಕು. ಕಾರಿನವರು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬೈಪಾಸಿನಲ್ಲಿ ಹಾದು ಹೋಗಿಬಿಡುತ್ತಾರೆ. ಸೈಕಲ್ಲಿನವರಿಗೆ ಮಾತ್ರ ಆ ಊರುಗಳು ಇನ್ನೂ ದಾರಿಯಲ್ಲೇ ಇವೆ.

ಕೆಂಗೇರಿ ದಾಟುವವರೆಗೂ ಕತ್ತಲು. ವೃಷಭಾವತಿಯ ವಾಸನೆ ಸ್ವಲ್ಪ ದೂರ ಜೊತೆಗೇ ಬಂತು. ಬಿಡದಿಯಲ್ಲಿ ಬೆಳಕು ಹರಿದು, ತಟ್ಟೆ ಇಡ್ಲಿಯ ಹೋಟೆಲುಗಳ ಮುಂದೆ ಆವಿ ಏಳುತ್ತಿತ್ತು. ಮಗಳಿಗೆ ಒಂದೇ ಇಡ್ಲಿ ಸಾಕಾಗಿತ್ತು. ತಂದೆ ಬಿಡಲಿಲ್ಲ. ‘ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತ ಲೆಕ್ಕ’ ಎಂದು ಇನ್ನೊಂದು ಹಾಕಿಸಿದರು.

ರಾಮನಗರ ಹತ್ತಿರವಾದಂತೆ ದಿಗಂತದ ತುಂಬ ಬಂಡೆಗಳು. 1975ರ ‘ಶೋಲೆ’ ಚಿತ್ರದ ಗಬ್ಬರ್‌ಸಿಂಗನಿಂದಾಗಿ ದೇಶಕ್ಕೆಲ್ಲ ಪರಿಚಯವಾದ ಬಂಡೆಗಳಿವು. ಭೂವಿಜ್ಞಾನ ಓದುವವರಿಗೆ ಅವುಗಳ ಪರಿಚಯ ಬೇರೆ. ಊರಿನ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆಸಿಕೊಳ್ಳುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಕಾರಿನ ಕಿಟಕಿಯಲ್ಲಿ ಐದು ನಿಮಿಷಕ್ಕೆ ಮುಗಿದುಹೋಗುವ ಬೆಟ್ಟಸಾಲು ಸೈಕಲ್ಲಿನ ಜೊತೆ ಅರ್ಧ ಗಂಟೆ ನಡೆದುಬಂತು.

ಚನ್ನಪಟ್ಟಣದಲ್ಲಿ ಮಗಳ ಹಿಂದಿನ ಚಕ್ರ ಪಂಕ್ಚರ್. ಬಿಡಿ ಟ್ಯೂಬು ಚೀಲದಲ್ಲಿತ್ತು, ಹಾಕುವುದನ್ನೂ ಅಭ್ಯಾಸ ಮಾಡಿದ್ದಳು. ಆದರೂ ನಿಲ್ಲಿಸಿದ್ದು ಬೊಂಬೆ ಅಂಗಡಿಯೊಂದರ ನೆರಳಿನಲ್ಲಿ. ಆಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಅರಗಿನ ಬಣ್ಣವನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಅಂಟುತ್ತದೆ. ಅಂಗಡಿಯವರು ಕುರ್ಚಿ ತಂದು ಹಾಕಿದರು, ನೀರು ಕೊಟ್ಟರು. ಬೈಪಾಸ್ ಬಂದಮೇಲೆ ಪ್ರವಾಸಿಗಳು ಊರೊಳಗೆ ಬರುವುದೇ ಕಡಿಮೆಯಾಗಿದೆ ಎಂದು ಅಲವತ್ತುಕೊಂಡರು. ‘ಈಗ ನಿಮ್ಮಂಥ ಸೈಕಲ್ಲಿನವರೇ ನಿಲ್ಲೋದು. ಆದರೆ ನೀವೇನು ಬೊಂಬೆ ಹೊತ್ಕೊಂಡು ಹೋಗ್ತೀರಾ?’ ಎಂದು ನಕ್ಕರು. ಮಗಳು ಹೆಬ್ಬೆರಳಿನಷ್ಟು ದೊಡ್ಡ ಬುಗುರಿಯೊಂದನ್ನು ಕೊಂಡು ಜೇಬಿಗೆ ಹಾಕಿಕೊಂಡಳು.

ಮದ್ದೂರಿನಲ್ಲಿ ಒಂದು ಮಾತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮದ್ದೂರು ಸುಮಾರು 660. ಅಂದರೆ ಮೊದಲ 80 ಕಿ.ಮೀ. ದಾರಿ ಏರಿಳಿದರೂ ಒಟ್ಟಾರೆ ಇಳಿಜಾರು. ಹೊಸಬರು ಮೋಸ ಹೋಗುವುದು ಇಲ್ಲೇ. ತಮ್ಮ ಕಾಲಿನ ಬಲವೇ ಇಷ್ಟು ವೇಗ ಕೊಡುತ್ತಿದೆ ಎಂದುಕೊಳ್ಳುತ್ತಾರೆ. ಶಿಂಷಾ ಹೊಳೆಯ ಆಚೆಗೆ ಆ ಉಪಕಾರ ಮುಗಿಯುತ್ತದೆ.

ಹನ್ನೊಂದರ ಹೊತ್ತಿಗೆ ಇಬ್ಬರೂ ಮದ್ದೂರಿನ ಹೋಟೆಲಿನಲ್ಲಿ ಕುಳಿತಿದ್ದರು. ರೈಲು ನಿಲ್ದಾಣದ ತಿಂಡಿ ಕೋಣೆಯಲ್ಲಿ ಹುಟ್ಟಿ ಊರಿನ ಹೆಸರನ್ನೇ ಹೊತ್ತ ವಡೆ ತಟ್ಟೆಯಲ್ಲಿತ್ತು. ರಸ್ತೆಯಲ್ಲಿ ಎಳನೀರು ತುಂಬಿದ ಲಾರಿಗಳು ಬೆಂಗಳೂರಿನ ಕಡೆ ಹೋಗುತ್ತಿದ್ದವು. ಅವುಗಳನ್ನೇ ನೋಡುತ್ತಿದ್ದ ತಂದೆ ಇದ್ದಕ್ಕಿದ್ದಂತೆ ಹೇಳಿದರು:

‘ನಾನು ಮೈಸೂರಿಗೆ ಸೈಕಲ್ಲಿನಲ್ಲಿ ಹೋಗೇ ಇಲ್ಲ ಪುಟ್ಟಿ.’

ಮಗಳ ಕೈಯಲ್ಲಿದ್ದ ವಡೆ ಅಲ್ಲೇ ನಿಂತಿತು.

1994ರಲ್ಲಿ ಮೂವರು ಗೆಳೆಯರು ಹೊರಟಿದ್ದರಂತೆ. ಗೇರಿಲ್ಲದ ಕರಿ ಸೈಕಲ್ಲುಗಳು. ತಿಂಡಿಗೆ ನಿಂತರೆ ಹೊತ್ತಾಗುತ್ತದೆಂದು ಬರೀ ಚಹಾ ಕುಡಿದು, ಇಳಿಜಾರಿನಲ್ಲಿ ಪಂದ್ಯ ಕಟ್ಟಿಕೊಂಡು ತುಳಿದರು. ಮದ್ದೂರು ದಾಟಿ ಆರೇಳು ಕಿ.ಮೀ. ಹೋಗುವಷ್ಟರಲ್ಲಿ ಕಣ್ಣು ಕತ್ತಲೆ ಬಂತು, ಕಾಲು ಆಡಲಿಲ್ಲ. ಗೆಳೆಯರಿಬ್ಬರೂ ಮುಂದೆ ಹೋದರು. ಇವರು ಹಿಂದಕ್ಕೆ ತಳ್ಳಿಕೊಂಡು ಬಂದು, ಎಳನೀರಿನ ಲಾರಿಯ ಮೇಲೆ ಸೈಕಲ್ ಹೇರಿ ಬೆಂಗಳೂರು ಸೇರಿದರು.

‘ಮತ್ತೆ ಅಮ್ಮ ಹೇಳಿದ್ದು?’

‘ಮದುವೆಯಲ್ಲಿ ಯಾರೋ, ನಮ್ಮ ಹುಡುಗ ಮೈಸೂರಿಗೆ ಸೈಕಲ್ ತುಳಿದವನು ಅಂದರು. ಹೂಂ ಅಂದೆ. ಅಂದದ್ದು ಒಂದೇ ಸಲ. ಆಮೇಲೆ ಅಲ್ಲ ಅನ್ನೋಕೆ ಸಮಯವೇ ಸಿಗಲಿಲ್ಲ.’

ಮಗಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಹಾಗಾದರೆ ಇಲ್ಲಿಂದ ಮುಂದೆ ನಿಮಗೂ ದಾರಿ ಗೊತ್ತಿಲ್ಲ’ ಎಂದಳು. ‘ಗೊತ್ತಿಲ್ಲ’ ಎಂದರು ತಂದೆ.

ಕಬ್ಬಿನ ಹಾಲು

ಮದ್ದೂರಿನ ಪಕ್ಕದಲ್ಲೇ ಶಿವಪುರ. 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಮುರಿದು ರಾಷ್ಟ್ರಧ್ವಜ ಹಾರಿಸಿದ ಸತ್ಯಾಗ್ರಹ ನಡೆದದ್ದು ಇಲ್ಲಿ. ಸ್ಮಾರಕದ ಮುಂದೆ ಇಬ್ಬರೂ ಎರಡು ನಿಮಿಷ ಇಳಿದು ನಿಂತರು. ಅಲ್ಲಿಂದಾಚೆಗೆ ಬಯಲು ತೆರೆದುಕೊಂಡಿತು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಹಸಿರು ಮಾಡಿದ ನೆಲವಿದು. ಕಬ್ಬು ತುಂಬಿದ ಗಾಡಿಗಳು, ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ ಸಕ್ಕರೆಯ ಊರೆನಿಸಿಕೊಂಡ ಮಂಡ್ಯ ಬಂದಾಗ ಹನ್ನೆರಡೂವರೆ.

ಮಂಡ್ಯದಲ್ಲಿ ಊಟಕ್ಕೆ ನಿಲ್ಲೋಣ ಎಂದರು ತಂದೆ. ಮಗಳಿಗೆ ಹಸಿವಿರಲಿಲ್ಲ, ಉತ್ಸಾಹವಿತ್ತು. ‘ಶ್ರೀರಂಗಪಟ್ಟಣದಲ್ಲಿ ಒಂದೇ ಸಲ ಊಟ ಮಾಡೋಣ’ ಎಂದಳು. ತಂದೆಯೂ ಒಪ್ಪಿಬಿಟ್ಟರು.

ಹನ್ನೆರಡು ಕಿ.ಮೀ. ಮುಂದೆ ಆಕೆಯ ಸೈಕಲ್ ನಿಧಾನವಾಯಿತು, ಓಲಾಡಿತು, ನಿಂತಿತು. ರಸ್ತೆಬದಿಯ ಕಲ್ಲಿನ ಮೇಲೆ ಕುಳಿತಳು. ಕೈ ನಡುಗುತ್ತಿತ್ತು, ಕಾರಣವಿಲ್ಲದೆ ಅಳು ಬರುತ್ತಿತ್ತು. ‘ನನ್ನ ಕೈಲಾಗಲ್ಲ ಅಪ್ಪ. ನಾನು ಬಸ್ಸಿಗೆ ಹೋಗ್ತೀನಿ. ನೀವು ಮುಗಿಸಿ.’

ಇದು ಹೇಡಿತನವಲ್ಲ, ಶರೀರದ ಲೆಕ್ಕಾಚಾರ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಶೇಖರವಾಗಿರುವ ಪಿಷ್ಟ, ಬಿರುಸಿನ ದುಡಿಮೆಗೆ ಕೆಲವೇ ಗಂಟೆ ಸಾಲುತ್ತದೆ. ದಾರಿಯಲ್ಲಿ ತಿಂದು ತುಂಬಿಕೊಳ್ಳದಿದ್ದರೆ ಕಣಜ ಬರಿದಾಗುತ್ತದೆ. ಆಗ ಕಾಲಿನ ಜೊತೆ ಮನಸ್ಸೂ ಸೋಲುತ್ತದೆ. ಮಿದುಳಿಗೂ ಬೇಕಾದದ್ದು ಅದೇ ಸಕ್ಕರೆ. ಅದಕ್ಕೇ ಅನುಭವಿಗಳು ಹಸಿವಿರಲಿ ಬಿಡಲಿ, ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ, ಕಡಲೆಮಿಠಾಯಿಯೋ ಬಾಯಿಗೆ ಹಾಕಿಕೊಳ್ಳುತ್ತಾರೆ.

ತಂದೆ ಉಪದೇಶ ಮಾಡಲಿಲ್ಲ, ಛಲ ಬಿಡಬೇಡ ಎನ್ನಲಿಲ್ಲ. ‘ಬಸ್ಸಿಗೇ ಹೋಗೋಣ. ಆದರೆ ಮೊದಲು ಏನಾದರೂ ತಿನ್ನು. ತಿಂದು ಅರ್ಧ ಗಂಟೆ ಆದ ಮೇಲೂ ಬೇಡ ಅನ್ನಿಸಿದರೆ ಬಸ್ಸು’ ಎಂದರು. ಮೂವತ್ತೊಂದು ವರ್ಷದ ಹಿಂದೆ ಇಷ್ಟು ಹೇಳುವವರು ಅವರಿಗೆ ಯಾರೂ ಇರಲಿಲ್ಲ.

ಹೊಲದಾಚೆ ಆಲೆಮನೆಯೊಂದರಿಂದ ಹೊಗೆ ಏಳುತ್ತಿತ್ತು. ಸೈಕಲ್ ತಳ್ಳಿಕೊಂಡು ಹೋದರು. ಕೊಪ್ಪರಿಗೆಯ ಮುಂದಿದ್ದ ಹೆಂಗಸು ಹುಡುಗಿಯ ಮುಖ ನೋಡಿ, ‘ಎಲ್ಲಿಂದ ಬಂದ್ರವ್ವ?’ ಎಂದರು. ಬೆಂಗಳೂರಿನಿಂದ ಎಂದದ್ದಕ್ಕೆ, ‘ಯಾಕೆ, ಬಸ್ ಇರ್ಲಿಲ್ವಾ?’ ಎಂಬ ಪ್ರಶ್ನೆ. ಉತ್ತರಕ್ಕೆ ಕಾಯದೆ ಒಂದು ದೊಡ್ಡ ಲೋಟ ಕಬ್ಬಿನ ಹಾಲು ಕೊಟ್ಟರು. ಜೊತೆಗೆ ಇನ್ನೂ ಬೆಚ್ಚಗಿದ್ದ ಬೆಲ್ಲದ ಚೂರು, ತಮ್ಮ ಬುತ್ತಿಯ ಅರ್ಧ ರಾಗಿಮುದ್ದೆ, ಉಪ್ಪೆಸರು. ದುಡ್ಡು ಕೊಡಹೋದರೆ, ‘ಕಬ್ಬಿನ ಹಾಲಿಗೆ ಕಾಸಾ? ಕುಡಿಯವ್ವ ಸುಮ್ಕೆ’ ಎಂದು ಗದರಿದರು. ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಸಕ್ಕರೆಯ ಪೊಟ್ಟಣಗಳ ಕೆಲಸವನ್ನು ಮಂಡ್ಯದ ಬೆಲ್ಲ ಪುಕ್ಕಟೆಯಾಗಿ ಮಾಡಿತು.

ಅರ್ಧ ಗಂಟೆಯ ನಂತರ ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಕೊನೆಯ ಏರು

ಮೂರೂಕಾಲಕ್ಕೆ ಕಾವೇರಿ ಕಂಡಿತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡುತ್ತಾ ಇಬ್ಬರೂ ಮೊಸರನ್ನ ಉಂಡರು. ಮಗಳು ಜೇಬಿನಿಂದ ಬುಗುರಿ ತೆಗೆದು ಕಲ್ಲಿನ ಮೇಲೆ ಒಮ್ಮೆ ತಿರುಗಿಸಿದಳು.

ಇನ್ನು ಹದಿನೈದು ಕಿ.ಮೀ. ಅಷ್ಟೇ ಎನ್ನುವುದು ಸುಲಭ. ಆದರೆ ಹೊಳೆಯ ಮಟ್ಟದಿಂದ ಮೈಸೂರಿಗೆ ಸುಮಾರು 80 ಮೀಟರ್ ಏರಬೇಕು. ದಣಿದ ಕಾಲಿಗೆ ಅದು ಬೆಟ್ಟವೇ. ಹಗುರವಾದ ಗೇರಿಗೆ ಬದಲಿಸಿ, ಮಾತು ನಿಲ್ಲಿಸಿ, ಮುಂದಿನ ಮೈಲಿಗಲ್ಲನ್ನು ಮಾತ್ರ ನೋಡುತ್ತಾ ತುಳಿದರು. ಒಮ್ಮೆ ಮಗಳು ಮುಂದೆ, ಒಮ್ಮೆ ತಂದೆ ಮುಂದೆ. ಎಡಗಡೆ ದೂರದಲ್ಲಿ ಚಾಮುಂಡಿ ಬೆಟ್ಟ ನೀಲಿಯಾಗಿ ಕಾಣಿಸಿಕೊಂಡಾಗ ತಂದೆ ಏನೋ ಹೇಳಲು ಹೋಗಿ ಸುಮ್ಮನಾದರು.

ಅರಮನೆಯ ಮುಂದೆ ಸೈಕಲ್ ನಿಲ್ಲಿಸಿದಾಗ ಐದು ಗಂಟೆ ಹತ್ತು ನಿಮಿಷ. ಸ್ವಾಗತಿಸಲು ಯಾರೂ ಇರಲಿಲ್ಲ. ಟಾಂಗಾದವರೊಬ್ಬರು ‘ಅರಮನೆ ತೋರಿಸ್ಲಾ ಸಾರ್?’ ಎಂದು ಕೇಳಿದರು, ಅಷ್ಟೇ. ಭಾನುವಾರವಾದ್ದರಿಂದ ಏಳು ಗಂಟೆಗೆ ದೀಪ ಹಾಕುತ್ತಾರೆ, ನೋಡಿಕೊಂಡೇ ಹೋಗೋಣ ಎಂದು ಕಟ್ಟೆಯ ಮೇಲೆ ಕುಳಿತರು. ಇಬ್ಬರಿಗೂ ಏಳುವ ಶಕ್ತಿ ಇರಲಿಲ್ಲ ಎಂಬುದು ನಿಜವಾದ ಕಾರಣ.

ಫೋನು ಬಂದದ್ದು ಆಗಲೇ. ತಾಯಿಯ ಮೊದಲ ಪ್ರಶ್ನೆ, ‘ಊಟ ಆಯ್ತಾ?’ ಎರಡನೆಯದು, ‘ಬಸ್ಸಾ, ಸೈಕಲ್ಲಾ?’

ಮಗಳು ತಂದೆಯ ಕಡೆ ನೋಡಿದಳು. ಅವರು ಶೂ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದವರು ತಲೆಯೆತ್ತಿ, ಹೇಳು ಎನ್ನುವಂತೆ ಕತ್ತು ಆಡಿಸಿದರು.

‘ಸೈಕಲ್ಲೇ ಅಮ್ಮ. ಇಬ್ಬರೂ ತಲುಪಿದ್ವಿ’ ಎಂದಳು ಮಗಳು. ‘ಅಪ್ಪನಿಗೂ ಇದೇ ಮೊದಲನೇ ಸಲ. ಮಿಕ್ಕಿದ್ದನ್ನ ಅವರೇ ಹೇಳ್ತಾರಂತೆ, ತಗೋ.’