ಉಂಡ ಮನೆಯ ಜಂತಿ ಎಣಿಸಿದೆವು

ಮೊದಲೇ ಹೇಳಿಬಿಡುತ್ತೇವೆ. ಈ ಬರಹದಲ್ಲಿ ಮೊದಲ ತಪ್ಪು ಮಾಡಿದವರು ನಾವೇ.

ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದ ನಾವು ಮೂವರು ಹೋದ ವರ್ಷ ಒಂದು ಖಾನಾವಳಿಯ ವಿಡಿಯೋ ಮಾಡಿದ್ದೆವು. ವಡಗೇರಾದಿಂದ ಬಸ್ ಹತ್ತಿ ಹೋಗಬೇಕಾದ ಜಾಗ ಅದು. ಹೆಸರು ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ಅವತ್ತು ಹಂಚಿನ ಮೇಲಿಂದ ಸೀದಾ ತಾಟಿಗೆ ಬಂದ ಬಿಸಿ ಜೋಳದ ರೊಟ್ಟಿ ಉಂಡೆವು. ಜೊತೆಗೆ ಎಣ್ಣೆ ಬದನೆಕಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ನಿಜವಾಗಿಯೂ ಚಲೋ ಇತ್ತು. ಆ ಖುಷಿಯಲ್ಲಿ ಮೊಬೈಲ್ ಹಿಡಿದು, "ಇಂಥಾ ಊಟ ಇಡೀ ಜಿಲ್ಲೆದಾಗ ಎಲ್ಲೂ ಸಿಗಂಗಿಲ್ಲ ನೋಡ್ರಿ" ಅಂದೆವು.

ಇಡೀ ಜಿಲ್ಲೆಯಲ್ಲಿ ಎಷ್ಟು ಖಾನಾವಳಿಗಳಲ್ಲಿ ಉಂಡು ಈ ಮಾತು ಹೇಳಿದ್ದೆವು ಗೊತ್ತೇ? ನಾಲ್ಕರಲ್ಲಿ. ಸುರಪುರದಲ್ಲಿ ಉಂಡಿರಲಿಲ್ಲ, ಹುಣಸಗಿಗೆ ಹೋಗಿರಲಿಲ್ಲ, ಗುರುಮಠಕಲ್ ಕಡೆ ತಲೆ ಹಾಕಿರಲಿಲ್ಲ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ನಮ್ಮ ಜಿಲ್ಲೆ ಸಣ್ಣದು, ಹೊಸದು ಅಂದುಕೊಂಡು ಎಲ್ಲಾ ನೋಡಿದವರಂತೆ ಮಾತಾಡಿದೆವು.

ಇನ್ನೊಂದು ಸಂಗತಿಯನ್ನು ವಿಡಿಯೋದಲ್ಲಿ ಹೇಳಲೇ ಇಲ್ಲ. ಊಟ ಮುಗಿಸಿ ಗಲ್ಲೆಯ ಹತ್ತಿರ ಹೋದಾಗ ಮಾಲೀಕರು ರೊಕ್ಕ ಮುಟ್ಟಲಿಲ್ಲ. "ನೀವು ನಮ್ಮ ಹುಡುಗ್ರು. ನಿಮ್ಮ ಕಡಿಂದ ರೊಕ್ಕ ತಗೊಂಡ್ರ ಹ್ಯಾಂಗ?" ಅಂದರು. ನಾವು ಎರಡು ಸಲ "ಬ್ಯಾಡ್ರಿ, ತಗೋರಿ" ಅಂದೆವು. ಮೂರನೇ ಸಲ ಸುಮ್ಮನಾದೆವು. ನಮ್ಮ 450 ರೂಪಾಯಿ ಉಳಿಯಿತು.

ವಿಡಿಯೋ ಓಡಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುತ್ತಿಲ್ಲ ಎಂದು ನಾವು ವಾರಗಟ್ಟಲೆ ತಿರುಗಾಡಿ ಬರೆದದ್ದನ್ನು ಓದದಿದ್ದವರೂ ಬದನೆಕಾಯಿ ನೋಡಿದರು. ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕೆ ಹೋದ ನಮ್ಮ ಊರಿನ ಹುಡುಗರು, "ಬಾಯಾಗ ನೀರು ಬಂತು" ಎಂದು ಫೋನ್ ಮಾಡಿದರು. ಹಬ್ಬಕ್ಕೆ ಊರಿಗೆ ಬಂದವರು ಮೊದಲು ಅಲ್ಲಿಗೇ ಹೋದರು. ಮುಂದೆ ಬೇರೆಯವರೂ ಬಂದು ವಿಡಿಯೋ ಮಾಡಿದರು. ಆರು ತಿಂಗಳಲ್ಲಿ ಅದು ದೊಡ್ಡ ಹೆಸರಿನ ಜಾಗವಾಯಿತು.

ನಮ್ಮಲ್ಲೊಬ್ಬರ ಓಣಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ಅವರದು ಮೂರು ಎಕರೆ ಹೊಲ, ಹತ್ತಿ ಬೆಳೆಯುತ್ತಾರೆ. ಮಗಳು ದ್ವಿತೀಯ ಪಿಯುಸಿ ಪಾಸಾದಳು, ಆ ಮನೆತನದಲ್ಲಿ ಅಷ್ಟು ಓದಿದವಳು ಅವಳೇ ಮೊದಲು. ಆ ಖುಷಿಗೆ ಕಾಕಾ ಮನೆಯ ಆರೂ ಮಂದಿಯನ್ನು ಕರೆದುಕೊಂಡು ಒಂದು ಭಾನುವಾರ ಆ ಖಾನಾವಳಿಗೆ ಹೋದರು. ಅವರು ಮನೆಮಂದಿಯೆಲ್ಲ ಹೊರಗೆ ಹೋಗಿ ಉಂಡದ್ದು ಅದೇ ಮೊದಲ ಸಲ. ಜಾತ್ರೆಯಲ್ಲಿ ಮಿರ್ಚಿ, ಒಗ್ಗರಣಿ ತಿಂದದ್ದನ್ನು ಬಿಟ್ಟರೆ.

ಒಂದೂಕಾಲು ತಾಸು ನಿಂತರಂತೆ. ಕುಂತ ಮೇಲೆ ತಾಟಿಗೆ ಬಂದದ್ದು ಬೆಳಿಗ್ಗೆ ಮಾಡಿ ಅರಿವೆಯಲ್ಲಿ ಸುತ್ತಿಟ್ಟ ರೊಟ್ಟಿ. ಬದನೆಕಾಯಿ ಒಳಗೆ ಬೆಂದಿರಲಿಲ್ಲ. ಎರಡನೇ ಸಲ ಪಲ್ಯ ಕೇಳಿದರೆ ಹುಡುಗ ಮುಖ ಸಿಂಡರಿಸಿದ. ಊಟಕ್ಕೆ ತಲಾ 150ರಂತೆ 900, ಮೂರು ನೀರಿನ ಬಾಟಲಿಗೆ 60, ಒಂದು ಪ್ಲೇಟ್ ಹೆಚ್ಚಿನ ಪಲ್ಯಕ್ಕೆ 70. ಒಟ್ಟು 1,030 ರೂಪಾಯಿ. ಕಾಕಿಗೆ ಹತ್ತಿ ಬಿಡಿಸುವ ಮೂರು ದಿನದ ಕೂಲಿಗಿಂತ ಹೆಚ್ಚು.

ಕಾಕಾ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆವೋ ಏನೋ. ಕಟ್ಟೆಯ ಮೇಲೆ ಕುಂತಾಗ ಮೆಲ್ಲಗೆ ಕೇಳಿದರು: "ಅಲ್ಲ ತಮ್ಮಾ, ನೀವು ಉಂಡ ರೊಟ್ಟಿ ಬ್ಯಾರೆ ಇತ್ತೇನು?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾವು ಮತ್ತೆ ಅಲ್ಲಿಗೆ ಹೋದೆವು. ಈ ಸಲ ಮೂವರೂ ಒಟ್ಟಿಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ, ಬೇರೆ ಬೇರೆ ದಿನ, ಮಾಲೀಕರು ಗಲ್ಲೆಯಲ್ಲಿ ಇಲ್ಲದ ಹೊತ್ತಿಗೆ ಹೋಗಿ, ರೊಕ್ಕ ಕೊಟ್ಟು ಉಂಡೆವು.

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಹೋದವರಿಗೆ ಬಿಸಿ ರೊಟ್ಟಿ ಸಿಕ್ಕಿತು. ಮೊದಲ ದಿನ ಉಂಡಂಥದ್ದೇ. ಶನಿವಾರ ಎರಡು ಗಂಟೆಗೆ ಹೋದವರಿಗೆ ಮೊದಲೆರಡು ರೊಟ್ಟಿ ಬಿಸಿ, ಮುಂದಿನವು ತಣ್ಣಗೆ. ಭಾನುವಾರ ಹೋದವರಿಗೆ ಕಾಕಾನಿಗೆ ಸಿಕ್ಕ ರೊಟ್ಟಿಯೇ ಸಿಕ್ಕಿತು. ಅಡುಗೆಯವರು ಬದಲಾಗಿರಲಿಲ್ಲ, ಖಾರ ಬದಲಾಗಿರಲಿಲ್ಲ. ಬದಲಾದದ್ದು ಬರುವ ಜನ ಎಷ್ಟು ಅನ್ನುವುದು.

ಹಿಂದಿನ ಬಾಗಿಲ ಕಡೆ ಹೋಗಿ ರೊಟ್ಟಿ ಬಡಿಯುವ ಅವ್ವಂದಿರನ್ನು ಮಾತಾಡಿಸಿದೆವು. ಮೊದಲು ಇಬ್ಬರಿದ್ದರಂತೆ, ಈಗ ಮೂವರು. ಹಂಚು ಮಾತ್ರ ಎರಡೇ. "ಮಂದಿ ನಾಕು ಪಟ್ಟು ಆಗ್ಯಾರ, ನಮಗ ಕೈ ನಾಕು ಆಗ್ಯಾವೇನು?" ಅಂದರು ಒಬ್ಬರು. ಭಾನುವಾರ ಬೆಳಗಿನ ಐದಕ್ಕೇ ಬಂದು ಬಡಿಯಲು ಶುರು ಮಾಡುತ್ತಾರೆ. ಬೇಗ ಒಡೆಯದಿರಲಿ ಎಂದು ಆ ದಿನ ಒಂದಿಷ್ಟು ಗೋಧಿ ಹಿಟ್ಟನ್ನೂ ಕೂಡಿಸುತ್ತಾರೆ. ಇನ್ನೊಬ್ಬರು ನಗುತ್ತಾ, "ವಿಡಿಯೋದಾಗ ಮಾಲಕ್ರು ಬಂದ್ರು, ರೊಟ್ಟಿ ಬಂತು. ರೊಟ್ಟಿ ಬಡದವ್ರು ಬರಲಿಲ್ಲ" ಅಂದರು. ನಮ್ಮ ವಿಡಿಯೋ ಮತ್ತೊಮ್ಮೆ ನೋಡಿದೆವು. ಅವರು ಹೇಳಿದ್ದು ಖರೆ. ಒಂದು ಕಡೆ ಬಳೆ ತೊಟ್ಟ ಕೈ ಮಾತ್ರ ಕಾಣುತ್ತದೆ.

ಜೋಳದ ರೊಟ್ಟಿಗೂ ಜನಸಂದಣಿಗೂ ಯಾಕೆ ಆಗಿಬರುವುದಿಲ್ಲ ಅನ್ನುವುದನ್ನು ನಿಮಗೆ ನಾವು ಹೇಳಿಕೊಡಬೇಕಿಲ್ಲ. ನಿಮ್ಮ ಮನೆಯಲ್ಲೇ ನೋಡಿದ್ದೀರಿ. ಗೋಧಿ ಹಿಟ್ಟು ನಾದಿದರೆ ಹಿಡಿದುಕೊಳ್ಳುತ್ತದೆ, ಅದರಲ್ಲಿ ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ನೀರು ಹಾಕುವುದು. ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಕಮ್ಮಿಯಾಗಿ ಅಂಚು ಒಡೆಯುತ್ತದೆ. ಹಂಚಿನಿಂದ ಇಳಿದ ರೊಟ್ಟಿ ಆರುತ್ತಾ ಬಿರುಸಾಗುತ್ತದೆ. ಬಿಸಿ ಇದ್ದಾಗಲೇ ಸುತ್ತಿಟ್ಟರೆ ಬೆವರಿ ತೊಗಲಿನಂತಾಗುತ್ತದೆ. ಅದಕ್ಕೆ ನಮ್ಮ ಅವ್ವಂದಿರು ಎರಡೇ ದಾರಿ ಇಟ್ಟುಕೊಂಡಿದ್ದಾರೆ. ಬಿಸಿ ಇದ್ದಾಗ ಉಣ್ಣಬೇಕು, ಇಲ್ಲವೇ ಪೂರ್ತಿ ಒಣಗಿಸಿ ಕಟಕ್ ರೊಟ್ಟಿ ಮಾಡಿ ಬುಟ್ಟಿಗೆ ಹಾಕಬೇಕು. ನಡುವಿನದು ಯಾವುದೂ ರುಚಿ ಇಲ್ಲ. ಭಾನುವಾರ ಆ ಖಾನಾವಳಿ ಮಾರುತ್ತಿದ್ದದ್ದು ಆ ನಡುವಿನ ರೊಟ್ಟಿಯನ್ನು.

ಹೆಸರಾದ ಹೋಟೆಲುಗಳ ಬಗ್ಗೆ ಈ ಜಗಳ ಎಲ್ಲಾ ಊರಲ್ಲೂ ಇದೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಇವತ್ತಿಗೂ ರಜೆ ದಿನ ಬಾಗಿಲ ಹೊರಗೆ ಜನ ನಿಂತಿರುತ್ತಾರೆ. ಒಂದು ದೋಸೆಗೆ ಅಷ್ಟು ಹೊತ್ತು ನಿಲ್ಲಬೇಕೇ ಎಂದು ಕೇಳುವವರೂ ಇದ್ದಾರೆ, ನಿಲ್ಲಲೇಬೇಕು ಎನ್ನುವವರೂ ಇದ್ದಾರೆ. ಅದು ಅವರವರ ನಾಲಿಗೆಗೆ ಬಿಟ್ಟದ್ದು. ಆದರೆ ಅಲ್ಲಿ ಕಾಯುವುದು ಜನ, ದೋಸೆ ಅಲ್ಲ. ನಾವು ಹೊಗಳಿದ ಖಾನಾವಳಿಯಲ್ಲಿ ಜನವೂ ಕಾಯುತ್ತಿದ್ದರು, ರೊಟ್ಟಿಯೂ ಕಾಯುತ್ತಿತ್ತು.

ಹಾಗಾದರೆ ಮಾಲೀಕರದೇ ತಪ್ಪೇ? ಪೂರ್ತಿ ಅವರದೂ ಅಲ್ಲ. ಬಂದ ಗಿರಾಕಿಗೆ "ಇವತ್ತು ಮುಗಿದೈತ್ರಿ" ಎಂದು ಹೇಳುವುದು ಯಾವ ವ್ಯಾಪಾರಿಗೂ ಸುಲಭವಲ್ಲ. ನಲವತ್ತು ಮಂದಿಗೆ ಚಲೋ ಊಟ ಹಾಕುತ್ತಿದ್ದ ಮನೆಗೆ ನಾವು ಇನ್ನೂರು ಮಂದಿಯನ್ನು ಕಳಿಸಿದೆವು. ಕಳಿಸುವ ಮುಂಚೆ ಹಂಚು ಎಷ್ಟಿವೆ ಎಂದು ನೋಡಲಿಲ್ಲ. ಉಂಡದ್ದು ಒಂದೇ ದಿನ, ಒಂದೇ ಹೊತ್ತು, ಅದೂ ಪುಕ್ಕಟೆ. ಅಷ್ಟರ ಮೇಲೆ ಇಡೀ ಜಿಲ್ಲೆಗೆ ತೀರ್ಪು ಕೊಟ್ಟೆವು.

ಈ ಸಲ ಎರಡನೇ ವಿಡಿಯೋ ಮಾಡಿದೆವು. ಮೊದಲ ದಿನ ರೊಕ್ಕ ಕೊಡದೆ ಉಂಡದ್ದನ್ನು ಹೇಳಿದೆವು. ವಾರದ ನಡುವೆ ಹೋದರೆ ಊಟ ಚಲೋ, ಭಾನುವಾರ ಹೋಗಬೇಡಿ ಅಂದೆವು. ರೊಟ್ಟಿ ಬಡಿಯುವವರ ಮಾತನ್ನೂ ಹೇಳಿದೆವು, ಅವರ ಮುಖ, ಹೆಸರು ತೋರಿಸಲಿಲ್ಲ. ಅವರ ಕೆಲಸಕ್ಕೆ ಕುತ್ತು ಬರಬಾರದಲ್ಲ. ಮೊದಲ ವಿಡಿಯೋ ನೋಡಿದವರಲ್ಲಿ ಹತ್ತರಲ್ಲಿ ಒಬ್ಬರೂ ಇದನ್ನು ನೋಡಲಿಲ್ಲ.

ಮಾಲೀಕರು ಮಾತ್ರ ನೋಡಿದರು. ಫೋನ್ ಮಾಡಿದರು. ದನಿ ಸಿಟ್ಟಿನದಲ್ಲ, ನೋವಿನದು. "ಉಂಡ ಮನಿ ಜಂತಿ ಎಣಿಸಿದ್ರಿ ನೀವು" ಅಂದು ಫೋನ್ ಇಟ್ಟರು.

ಆ ಮಾತು ನಮಗೆ ನಾಟಿತು. ನಮ್ಮ ಕಡೆ ಇದು ಸಣ್ಣ ಬೈಗುಳವಲ್ಲ. ಕರೆದು ಉಣ್ಣಲು ಹಾಕಿದವರ ಮನೆಯ ಕೊರತೆ ಹೊರಗೆ ಹೇಳಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಎರಡು ದಿನ ಮೂವರೂ ಅದನ್ನೇ ಮಾತಾಡಿದೆವು. ಕೊನೆಗೆ ತಿಳಿದದ್ದು ಇಷ್ಟು: ಗಾದೆ ಖರೆ, ಆದರೆ ಅದು ಬೀಗರಿಗೆ ಹೇಳಿದ್ದು. ರೊಕ್ಕ ಕೊಟ್ಟು ಉಂಡವನು ಗಿರಾಕಿ, ಅವನು ಜಂತಿಯನ್ನೂ ಎಣಿಸಬಹುದು, ತೊಲೆಯನ್ನೂ ಎಣಿಸಬಹುದು. ಮೊದಲ ದಿನ ರೊಕ್ಕ ಕೊಡದೆ ಎದ್ದು ಬಂದಾಗ ನಾವು ಬೀಗರಾಗಿದ್ದೆವು. ಬೀಗರಾದ ಮೇಲೆ ಪತ್ರಕರ್ತರ ಹಾಗೆ ಮಾತಾಡಿದ್ದೇ ತಪ್ಪು. ಆ 450 ರೂಪಾಯಿ ನಮ್ಮ ಬಾಯಿ ಕಟ್ಟಿತ್ತು, ಕಾಕಾನ 1,030 ರೂಪಾಯಿ ಕಳೆದಿತ್ತು.

ಜಗತ್ತಿನಲ್ಲಿ ಹೋಟೆಲುಗಳಿಗೆ ಅಂಕ ಹಾಕುವವರಲ್ಲಿ ಬಹಳ ಹೆಸರಾದದ್ದು ಮಿಶೆಲಿನ್ ಗೈಡ್. ಫ್ರಾನ್ಸಿನ ಟೈರ್ ಕಂಪನಿಯೊಂದು 1900ರಲ್ಲಿ ಶುರು ಮಾಡಿದ ಪುಸ್ತಕ ಅದು. ಜನ ಕಾರಿನಲ್ಲಿ ಹೆಚ್ಚು ತಿರುಗಿದರೆ ಟೈರ್ ಸವೆಯುತ್ತದೆ, ವ್ಯಾಪಾರವಾಗುತ್ತದೆ ಅನ್ನುವುದು ಅವರ ಲೆಕ್ಕ. 1926ರಿಂದ ಚಲೋ ಊಟದ ಹೋಟೆಲುಗಳಿಗೆ ನಕ್ಷತ್ರದ ಗುರುತು ಕೊಡಲು ಶುರು ಮಾಡಿದರು. ಅವರ ಪರೀಕ್ಷಕರು ತಾವು ಯಾರೆಂದು ಹೇಳದೆ ಹೋಗಿ, ಉಂಡು, ಎಲ್ಲರಂತೆ ಬಿಲ್ಲು ಕೊಟ್ಟು ಬರುತ್ತಾರೆ. ನಮ್ಮ ದೇಶದಲ್ಲೂ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಒಂದು ಮಾರ್ಗಸೂಚಿ ತಂದಿದೆ. ಮೊಬೈಲಿನಲ್ಲಿ ಒಂದು ವಸ್ತುವನ್ನೋ ಜಾಗವನ್ನೋ ಹೊಗಳುವವರು ಅದಕ್ಕೆ ರೊಕ್ಕ, ಉಡುಗೊರೆ, ಪುಕ್ಕಟೆ ಸಾಮಾನು ಪಡೆದಿದ್ದರೆ ನೋಡುವವರಿಗೆ ತಿಳಿಯುವಂತೆ ಹೇಳಲೇಬೇಕು ಅನ್ನುತ್ತದೆ ಅದು. ಓದಿದವರಾದ ನಮಗೆ ಇದು ಗೊತ್ತಿರಬೇಕಿತ್ತು. ಒಂದು ತಾಟು ಊಟಕ್ಕೆ ಇದೆಲ್ಲಾ ಯಾಕೆ ಎಂದು ಬಿಟ್ಟಿದ್ದೆವು.

ಈಗ ನಾವು ಮೂವರು ಕೂಡಿ ಮೂರು ಮಾತು ಗಟ್ಟಿ ಮಾಡಿಕೊಂಡಿದ್ದೇವೆ. ಬಿಲ್ಲು ಕೊಡದೆ ಉಂಡ ಜಾಗದ ಬಗ್ಗೆ ಬರೆಯುವುದಿಲ್ಲ. ಕಮ್ಮಿ ಅಂದರೆ ಮೂರು ಸಲ, ಅದರಲ್ಲಿ ಒಂದು ಸಲ ಗದ್ದಲದ ದಿನ, ಉಂಡ ಮೇಲೆಯೇ ಬರೆಯುತ್ತೇವೆ. "ಎಲ್ಲೂ ಸಿಗಂಗಿಲ್ಲ" ಎಂಬ ಮಾತು ಆಡುವುದಿಲ್ಲ. ನೀವೂ ಯಾವುದೋ ವಿಡಿಯೋ ನೋಡಿ ಮನೆಮಂದಿಯನ್ನೆಲ್ಲಾ ಕರೆದುಕೊಂಡು ಹೊರಡುವ ಮುಂಚೆ ಒಂದು ಕೆಲಸ ಮಾಡಿರಿ. ಹೊಗಳಿದವರು ಬಿಲ್ಲು ಕೊಟ್ಟರೋ ಇಲ್ಲವೋ ಹೇಳಿದ್ದಾರೇನು, ನೋಡಿರಿ. ಆ ಊರಿನ ಆಟೋದವರನ್ನೋ ಹಮಾಲರನ್ನೋ ಕೇಳಿರಿ. ದಿನಾ ತಮ್ಮ ರೊಕ್ಕ ಕೊಟ್ಟು ಉಣ್ಣುವವರು ಅವರು.

ಕಾಕಾನಿಗೆ ಅವರ ರೊಕ್ಕ ವಾಪಸ್ ಕೊಡಲು ಹೋದೆವು. ತಗೊಳ್ಳಲಿಲ್ಲ. "ಬುಧವಾರ ಚಲೋ ಇರ್ತದ ಅಂತ ಹೇಳೀರಲ್ಲ, ಖರೆ ಇದ್ರ ನಡೀರಿ ಹೋಗಮು" ಅಂದರು. ಹೋದೆವು. ಮಾಲೀಕರು ನಮ್ಮನ್ನು ನೋಡಿ ಮಾತಾಡಲಿಲ್ಲ, ಆದರೆ ನೀರಿನ ಚರಿಗೆ ತಾವೇ ತಂದಿಟ್ಟರು. ಎಲ್ಲರ ಬಿಲ್ಲು ನಾವು ಕೊಡುತ್ತೇವೆ ಅಂದದ್ದಕ್ಕೆ ಕಾಕಾ, "ನೀವು ಕೊಟ್ರ ನಾ ಬಾಯಿ ಬಿಡಂಗಿಲ್ಲ ನೋಡ್ರಿ. ನಮ್ದು ನಮಗ ಬಿಡ್ರಿ" ಎಂದು ನಕ್ಕರು. ಅವರದು ಅವರು ಕೊಟ್ಟರು, ನಮ್ಮದು ನಾವು ಕೊಟ್ಟೆವು.

ರೊಟ್ಟಿ ಬಿಸಿ ಇತ್ತು. ಕಾಕಿ ಒಂದು ತುತ್ತು ಮುರಿದು, ಅಂಚು ತಿರುಗಿಸಿ ನೋಡಿ, ಹಿಂಡಿ ಹಚ್ಚಿಕೊಂಡು ಉಂಡರು. "ಹ್ಯಾಂಗದ ಕಾಕಿ?" ಅಂದೆವು.

"ನಮ್ಮನಿ ರೊಟ್ಟಿಕಿಂತ ಹೆಚ್ಚಿಂದೇನಿಲ್ಲಪ್ಪಾ" ಅಂದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಆಮೇಲೆ ಅಂದರು: "ಆದ್ರ ಇನ್ನೊಬ್ರು ಬಡದು, ಬಿಸಿ ಬಿಸಿ ನನ್ನ ತಾಟಿಗೆ ಹಾಕ್ಯಾರ. ಮದಿವ್ಯಾದಾಗಿಂದ ಇದು ಮೊದಲನೇ ಸಲ."